ನಮ್ಮ ಹಳ್ಳದ ಮರ ಹೊಸ ಪ್ರಭೇದವಾ ಅಂತ ತಿಳ್ಕೊಳ್ಳೋದು ಹೇಗೆ?

ಪ್ರಶ್ನೆ: ನಮ್ಮದು ಸಿದ್ದಾಪುರ ಕಡೆ. ತೋಟದ ಮೇಲಿನ ಹಳ್ಳದಲ್ಲಿ ಬೇಸಿಗೇಲೂ ಕಾಲು ಹೂತುಹೋಗೋ ಜೌಗಿದೆ, ಅಲ್ಲಿ ನಾಲ್ಕೈದು ದೊಡ್ಡ ಮರ ಇವೆ. ಎಲೆ ಹೆಚ್ಚುಕಮ್ಮಿ ಮೊಳ ಉದ್ದ, ತೊಗಟೆ ಕೆತ್ತಿದ್ರೆ ರಸ ಬಂದು ಕಪ್ಪಾಗತ್ತೆ. ಅಪ್ಪ ಹೊಳಗೇರು ಅಂತಾರೆ, ಆದ್ರೆ ನಮ್ಮ ಬೆಟ್ಟದಲ್ಲಿರೋ ಬೇರೆ ಹೊಳಗೇರಿನ ಥರ ಇಲ್ಲ. ಫೋನಿನ ಆ್ಯಪ್‌ಗೆ ಫೋಟೋ ಹಾಕಿದ್ರೆ ಒಂದೊಂದು ಸಲ ಒಂದೊಂದು ಹೆಸರು ಹೇಳತ್ತೆ. ಇದು ಹೊಸ ಜಾತಿ ಇರಬಹುದಾ? ಪೇಪರ್‌ನಲ್ಲಿ "ಹೊಸ ಮರ ಪತ್ತೆ" ಅಂತ ಬರ್ತಿರತ್ತೆ, ಅಷ್ಟು ದೊಡ್ಡ ಮರ ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೇ ಇರತ್ತಾ? ಹೊಸದು ಅಂತ ತೀರ್ಮಾನ ಮಾಡೋದು ಯಾರು, ಹೆಸರು ಇಡೋದು ಯಾರು?

ಉತ್ತರ: ಮೊದಲು ಒಂದು ಮಾತು ಹೇಳ್ಬಿಡ್ತೀನಿ. ದಯವಿಟ್ಟು ಆ ಮರದ ತೊಗಟೆ ಇನ್ನೊಂದ್ಸಲ ಕೆತ್ತಬೇಡಿ. ಮರಕ್ಕೆ ಗಾಯ ಆಗತ್ತೆ ಅನ್ನೋದು ಒಂದು, ನಿಮ್ಮ ಮೈ ಊದ್ಕೊಳ್ಳತ್ತೆ ಅನ್ನೋದು ಇನ್ನೊಂದು. ಕಪ್ಪಾಗೋ ರಸ ಅಂದ್ರೆ ಅದು ಮಾವಿನ ಕುಟುಂಬದ ಗೇರು ಬಳಗದ್ದು ಅನ್ನೋದು ಸುಮಾರು ಖಚಿತ, ಆ ರಸ ಚರ್ಮಕ್ಕೆ ತಾಗಿದ್ರೆ ಗುಳ್ಳೆ ಏಳೋದು ನಿಮ್ಮ ಅಪ್ಪಂಗೆ ನನಗಿಂತ ಚೆನ್ನಾಗಿ ಗೊತ್ತಿರತ್ತೆ. ಎರಡನೇದು, ಜಾಗದ ಮ್ಯಾಪ್ ಲೊಕೇಶನ್ ಹಾಕಿ ಫೋಟೋನ ಎಲ್ಲಾ ಕಡೆ ಶೇರ್ ಮಾಡ್ಬೇಡಿ, ಯಾಕೆ ಅನ್ನೋದು ಕೊನೇಲಿ ಹೇಳ್ತೀನಿ.

ಈಗ ನಿಮ್ಮ ಮರ. ಫೋಟೋ ನೋಡಿ ಇದು ಹೊಸದು ಅಥವಾ ಹಳೇದು ಅಂತ ನಾನು ಹೇಳಲ್ಲ, ಹೇಳೋರನ್ನ ನೀವೂ ನಂಬಬೇಡಿ. ನೀವು ಕಳಿಸಿರೋ ಫೋಟೋಗಳಲ್ಲಿ ಎಲೆ ಮಾತ್ರ ಇದೆ. ಮಳೆಕಾಡಿನ ಮರಗಳಲ್ಲಿ ಎಲೆ ತುಂಬಾ ಮೋಸ ಮಾಡತ್ತೆ, ಅದೇ ಮರದ ಸಸಿಯ ಎಲೆ ಮೊಳ ಉದ್ದ ಇದ್ರೆ ನೆತ್ತಿಯ ಬಿಸಿಲಲ್ಲಿರೋ ಎಲೆ ಗೇಣುದ್ದ ಇರತ್ತೆ, ನೆರಳಿನ ಎಲೆ ತೆಳು, ಬಿಸಿಲಿನ ಎಲೆ ದಪ್ಪ, ಹುಳ ಕಡಿದು ಮತ್ತೆ ಚಿಗುರಿದ ಎಲೆ ಇನ್ನೊಂದೇ ಆಕಾರ. ಆ್ಯಪ್ ಒಂದೊಂದು ಸಲ ಒಂದೊಂದು ಹೆಸರು ಹೇಳೋದೂ ಇದಕ್ಕೇ, ಅದಕ್ಕೆ ಕಾಣ್ತಿರೋದು ಎಲೆ ಮಾತ್ರ, ಮತ್ತೆ ಅದು ತನ್ನ ಹತ್ರ ಇರೋ ಫೋಟೋಗಳಲ್ಲೇ ಹತ್ತಿರದ್ದನ್ನ ಹುಡುಕತ್ತೆ, ತನ್ನ ಹತ್ರ ಇಲ್ಲದೇ ಇರೋ ಮರವನ್ನ ಅದು ಹೇಗೆ ಹೇಳತ್ತೆ?

ಆದ್ರೆ ಒಂದು ಪರೀಕ್ಷೆ ನೀವೇ ಮಾಡಬಹುದು. ಎಳೇ ಎಲೆಯ ತೊಟ್ಟು ನೋಡಿ, ರಸ ಮುಟ್ಟದ ಹಾಗೆ ಕೈಗೆ ಪ್ಲಾಸ್ಟಿಕ್ ಕವರ್ ಹಾಕ್ಕೊಂಡು. ತೊಟ್ಟಿನ ಎರಡೂ ಬದಿ ಮೆತ್ತಗಿನ ಮುಳ್ಳಿನ ಥರ ಸಣ್ಣ ಚಾಚು ಇದ್ರೆ, ಅಥವಾ ಅವು ಉದುರಿ ಹೋದ ಗುರುತು ಇದ್ರೆ, ಅಪ್ಪ ಹೇಳಿದ್ದು ಸರಿ, ಅದು ಹೊಳಗೇರೇ. ಹತ್ತಿರದ ನೆಂಟ ಪ್ರಭೇದಗಳ ಗುಂಪಿಗೆ ಕುಲ ಅಂತೀವಿ, ಹೊಳಗೇರಿನ ಕುಲ ಹೊಲಿಗಾರ್ನಾ, ಆ ಹೆಸರೇ ನಮ್ಮ ಕನ್ನಡದ ಹೊಳಗೇರಿಂದ ಬಂದದ್ದು, ಇದು ನನಗೆ ಯಾವಾಗ ನೆನಸಿಕೊಂಡ್ರೂ ಖುಷಿ ಕೊಡೋ ವಿಷಯ. ತೊಟ್ಟು ನುಣ್ಣಗಿದ್ದು, ಕಾಯಿಯ ಬುಡದಲ್ಲಿ ನಮ್ಮ ಗೋಡಂಬಿಯ ಗೇರುಹಣ್ಣಿನ ಹಾಗೆ ತೊಟ್ಟೇ ಉಬ್ಬಿ ಬಟ್ಟಲಿನಂತೆ ಆಗಿ ಅದರ ಮೇಲೆ ಕಾಯಿ ಕೂತಿದ್ರೆ ಅದು ಹೊಳಗೇರಲ್ಲ, ಸೆಮೆಕಾರ್ಪಸ್ ಕುಲ. ಅಗಸರು ಬಟ್ಟೆಗೆ ಗುರುತು ಹಾಕೋಕೆ ಬಳಸ್ತಿದ್ದ ಕರಿಗೇರು ಇದೆಯಲ್ಲ, ಅದರ ಕುಲ ಇದು. ಸೆಮೆಕಾರ್ಪಸ್ ಅಂದ್ರೆ ಗ್ರೀಕ್‌ನಲ್ಲಿ ಗುರುತಿನ ಕಾಯಿ ಅಂತಾನೇ ಅರ್ಥ.

ಹಾಗೇನಾದ್ರೂ ಆಗಿದ್ರೆ ನಿಮ್ಮ ಹಳ್ಳದಲ್ಲಿರೋ ಮರ ಯಾವುದಿರಬಹುದು ಅಂತ ನನಗೊಂದು ಊಹೆ ಇದೆ, ಆ ಮರದ ಕಥೆ ಹೇಳಿದ್ರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಅದರಲ್ಲೇ ಉತ್ತರ ಸಿಗತ್ತೆ.

ನಿಮ್ಮದೇ ತಾಲ್ಲೂಕಿನ ಕತ್ತಲೆಕಾನು ನೋಡಿರ್ತೀರಿ. ಮಾವಿನಗುಂಡಿ ದಾಟಿ ಹೊನ್ನಾವರದ ಕಡೆ ಘಟ್ಟ ಇಳಿಯೋ ಹೈವೇ ಪಕ್ಕದಲ್ಲೇ ಇರೋ ಕಾಡು, ದಿನಾ ಎಷ್ಟೋ ಬಸ್ಸು ಲಾರಿ ಹೋಗ್ತವೆ. ಕಾನು ಅಂದ್ರೆ ನಿತ್ಯಹಸಿರು ಕಾಡು, ಊರವರು ದೇವರ ಹೆಸರಲ್ಲಿ ಕಾಪಾಡ್ಕೊಂಡು ಬಂದದ್ದು, ಹಗಲಲ್ಲೂ ಕತ್ತಲೆ ಇರೋ ಕಾನು ಕತ್ತಲೆಕಾನು. ಅಲ್ಲಿ ಹಳ್ಳದ ಬುಡಗಳಲ್ಲಿ ನಿಮ್ಮ ತೋಟದ ಮೇಲಿನ ಥರಾನೇ ಜೌಗು ಇದೆ. ಅದಕ್ಕೆ ಮಿರಿಸ್ಟಿಕಾ ಜೌಗು ಅಂತ ಹೆಸರು, ಯಾಕಂದ್ರೆ ಜಾಯಿಕಾಯಿ, ರಾಮಪತ್ರೆ ಬಳಗದ ಮರಗಳೇ ಅಲ್ಲಿ ಜಾಸ್ತಿ. ಬೇರು ಕೆಸರಿಂದ ಮೇಲೆದ್ದು ಮೊಣಕಾಲು ಮಡಚಿದ ಹಾಗೆ ಬಾಗಿ ಮತ್ತೆ ಕೆಸರಿಗೆ ಇಳಿಯತ್ತೆ, ಕೆಸರಲ್ಲಿ ಗಾಳಿ ಇಲ್ಲ, ಅದಕ್ಕೆ ಬೇರು ಹೊರಗೆ ಬಂದು ಉಸಿರಾಡತ್ತೆ. ಇನ್ನೊಂದು ಜಾತಿಗೆ ಕೇದಗೆ ಥರ ಊರುಗೋಲಿನ ಬೇರುಗಳು. ಇಂಥ ಜೌಗು ಇದೆ ಅಂತ ವಿಜ್ಞಾನಿಗಳು ಮೊದಲು ಬರೆದದ್ದೇ 1960ರಲ್ಲಿ, ಅದೂ ತಿರುವಾಂಕೂರು ಕಡೆಯ ಕಾಡಿಂದ.

ಆ ಕತ್ತಲೆಕಾನಿನ ಜೌಗಿಂದ 2000ದಲ್ಲಿ ದಾಸಪ್ಪ ಮತ್ತು ಎಂ. ಎಚ್. ಸ್ವಾಮಿನಾಥ್ ಅವರು ಒಂದು ಹೊಸ ಮರವನ್ನ ವಿವರಿಸಿ ಪ್ರಕಟಿಸಿದ್ರು. ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಕೊನೆಯ "ಎನ್ಸಿಸ್" ಅನ್ನೋದು ಲ್ಯಾಟಿನ್ ಪ್ರತ್ಯಯ, ಆ ಊರಿನದ್ದು ಅಂತ ಅರ್ಥ. ಅಂದ್ರೆ ಕತ್ತಲೆಕಾನಿನ ಗೇರು. ಇದು ಸಣ್ಣ ಗಿಡ ಅಲ್ಲ, ದೊಡ್ಡ ಮರ, ಹೈವೇಯಿಂದ ನಡೆದು ಹೋಗೋ ದೂರದಲ್ಲಿ.

ಇಷ್ಟು ವರ್ಷ ಯಾರ ಕಣ್ಣಿಗೂ ಬೀಳಲಿಲ್ವಾ ಅಂತ ಕೇಳಿದ್ರಲ್ಲ. ಬಿದ್ದಿತ್ತು. ಆ ಊರವರು ನೋಡಿದ್ರು, ಸೊಪ್ಪಿಗೆ ಹೋದೋರು ಅದನ್ನ ಮುಟ್ಟಬಾರದು ಅಂತ ಮಕ್ಕಳಿಗೆ ಹೇಳಿಕೊಟ್ಟಿದ್ರು. "ಹೊಸ ಪ್ರಭೇದ" ಅನ್ನೋದು ಕಾಡಿಗೆ ಹೊಸದಲ್ಲ, ಊರಿಗೂ ಹೊಸದಲ್ಲ, ಬರವಣಿಗೆಗೆ ಹೊಸದು. ಈ ಮರ ಇಂಥದ್ದು, ಇದರ ನೆಂಟರು ಇಂಥವರು, ಅವರೆಲ್ಲರಿಂದ ಇದು ಇಂಥಿಂಥ ಗುಣದಲ್ಲಿ ಬೇರೆ, ಇದಕ್ಕೆ ಸಾಕ್ಷಿಯಾಗಿ ಒಣಗಿಸಿದ ಈ ಒಂದು ರೆಂಬೆಯನ್ನ ಇಂಥ ಕಡೆ ಇಟ್ಟಿದ್ದೀವಿ ಅಂತ ಅಲ್ಲಿವರೆಗೂ ಯಾರೂ ಬರೆದಿರಲಿಲ್ಲ, ಅಷ್ಟೇ. ನಿಮ್ಮ ಜಿಲ್ಲೆ ಆಗ ಬಾಂಬೆ ಪ್ರೆಸಿಡೆನ್ಸಿಯಲ್ಲಿತ್ತು, ಟಾಲ್ಬಟ್ ಅನ್ನೋ ಅರಣ್ಯಾಧಿಕಾರಿ ಇಲ್ಲೇ ಕೆಲಸ ಮಾಡಿ 1909ರಿಂದ 1911ರಲ್ಲಿ ಪ್ರೆಸಿಡೆನ್ಸಿಯ ಕಾಡಿನ ಮರಗಿಡಗಳ ಮೇಲೆ ದೊಡ್ಡ ಪುಸ್ತಕ ತಂದಿದ್ದಾರೆ, ಇವತ್ತಿಗೂ ನಾವು ತೆರೆದು ನೋಡೋ ಪುಸ್ತಕ. ಅದರಲ್ಲೂ ಈ ಮರ ಇಲ್ಲ.

ಯಾಕಿಲ್ಲ? ಜೌಗಲ್ಲಿ ನಡೆಯೋದು ಕಷ್ಟ, ಅದು ಒಂದು ಕಾರಣ. ದೊಡ್ಡ ಕಾರಣ ಹೂವು. ಮರದ ಗುರುತು ಇರೋದು ಹೂವು ಕಾಯಲ್ಲಿ, ಮಳೆಕಾಡಲ್ಲಿ ಆ ಹೂವು ಬಿಡೋದು ತಲೆಯಿಂದ ಇಪ್ಪತ್ತು ಮೂವತ್ತು ಮೀಟರ್ ಮೇಲೆ. ಗೇರು ಬಳಗದ ಹೂವೋ, ಕೆಲವೇ ಮಿಲಿಮೀಟರಿನ ಹಸಿರು-ಬಿಳಿ ಚುಕ್ಕೆ, ಬಣ್ಣದ ಹೂವಾದ್ರೆ ಕೆಳಗೆ ಬಿದ್ದದ್ದಾದ್ರೂ ಕಾಣ್ತಿತ್ತು. ಬಿಡೋದೂ ಸ್ವಲ್ಪ ದಿನ. ಇದು ಸಾಲದು ಅಂತ ಕತ್ತಲೆಕಾನಿನ ಗೇರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ನೀವು ಹೋದ ದಿನ ಗಂಡು ಮರದ ಕೆಳಗೆ ನಿಂತಿದ್ರೆ ವರ್ಷಪೂರ್ತಿ ಕಾದ್ರೂ ಕಾಯಿ ಸಿಗಲ್ಲ. ಹೂವಿಲ್ಲದ, ಕಾಯಿಲ್ಲದ ರೆಂಬೆಯನ್ನ ಯಾರೂ ಕೊಯ್ಯಲ್ಲ, ಕೊಯ್ದು ತಂದ್ರೂ ಅದು "ಗೊತ್ತಾಗದ್ದು" ಅನ್ನೋ ಕಟ್ಟಿಗೆ ಸೇರಿ ಕಪಾಟಲ್ಲಿ ಕೂರತ್ತೆ.

ಕಪಾಟು ಅಂದೆ ನೋಡಿ, ಎಷ್ಟೋ ಹೊಸ ಮರ ಸಿಗೋದು ಕಾಡಲ್ಲಿ ಅಲ್ಲ, ಹರ್ಬೇರಿಯಂ, ಅಂದ್ರೆ ಒಣಗಿಸಿದ ಗಿಡಗಳ ಸಂಗ್ರಹಾಲಯದ ಕಪಾಟಲ್ಲಿ. 2010ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಲೆಕ್ಕ ಹಾಕಿದ್ರು, ಹೊಸ ಪ್ರಭೇದ ಅಂತ ಹೆಸರು ಪಡೆದ ಗಿಡಗಳಲ್ಲಿ ಮೊದಲ ಸಲ ಕೊಯ್ದ ಐದು ವರ್ಷದೊಳಗೆ ವಿವರಣೆ ಪಡೆದದ್ದು 16 ಪರ್ಸೆಂಟ್ ಮಾತ್ರ, ಸುಮಾರು ಕಾಲು ಭಾಗಕ್ಕೆ 50 ವರ್ಷಕ್ಕಿಂತ ಜಾಸ್ತಿ ಹಿಡಿದಿತ್ತು. ಪೆರು ದೇಶದ ಮಾನು ನ್ಯಾಷನಲ್ ಪಾರ್ಕಲ್ಲಿ ರಾಬಿನ್ ಫಾಸ್ಟರ್ ಅನ್ನೋ ಸಸ್ಯವಿಜ್ಞಾನಿ 1973ರಲ್ಲಿ ಕಾಲುದಾರಿ ಪಕ್ಕದ ಒಂದು ಸಣ್ಣ ಮರದಿಂದ ಕಿತ್ತಳೆ ಬಣ್ಣದ, ಕಾಗದದ ಗೂಡುದೀಪದ ಥರ ಇರೋ ಕಾಯಿ ಸಮೇತ ರೆಂಬೆ ಕೊಯ್ದು ತಂದ್ರು. ಪ್ರಭೇದ ಬಿಡಿ, ಯಾವ ಕುಟುಂಬ ಅಂತಾನೇ ಯಾರಿಗೂ ಗೊತ್ತಾಗ್ಲಿಲ್ಲ. ಒಣಗಿದ ಸ್ಯಾಂಪಲ್‌ನಿಂದ ಡಿಎನ್ಎ ತೆಗೆಯೋಕೆ ನೋಡಿದ್ರು, ಆಗ್ಲಿಲ್ಲ. ಆಮೇಲೆ ಅದೇ ಕಾಡಲ್ಲಿ ಕೆಲಸ ಮಾಡ್ತಿದ್ದ ಪೆಟ್ರೀಷಿಯಾ ಆಲ್ವರೆಜ್ ಲೊಯಾಯ್ಸಾ ಹೊಸದಾಗಿ ಎಲೆ ತಂದುಕೊಟ್ಟ ಮೇಲೆ ಅದು ಪಿಕ್ರಾಮ್ನಿಯೇಸಿ ಅನ್ನೋ ಚಿಕ್ಕ ಕುಟುಂಬದ್ದು ಅಂತ ತಿಳೀತು, 2021ರಲ್ಲಿ ಹೆಸರಾಯ್ತು: ಈನಿಗ್ಮಾನು ಆಲ್ವರೆಜಿಯೆ. ಮಾನುವಿನ ಒಗಟು ಅಂತ ಅರ್ಥ, ಪ್ರಭೇದದ ಹೆಸರು ಆ ಎಲೆ ತಂದ ಹೆಣ್ಣುಮಗಳ ಗೌರವಕ್ಕೆ. ಹತ್ತಿರ ಹತ್ತಿರ ಐವತ್ತು ವರ್ಷ. ಒಗಟು ಬಿಡಿಸಿದ್ದು ಡಿಎನ್ಎ ಅಂತ ಎಲ್ಲರೂ ಹೇಳ್ತಾರೆ, ನಾನು ಹೇಳೋದು, 1973ರಲ್ಲಿ ಆ ರೆಂಬೆಯನ್ನ ಸರಿಯಾಗಿ ಒಣಗಿಸಿ ಚೀಟಿ ಬರೆದು ಇಡದೇ ಇದ್ದಿದ್ರೆ ಒಗಟೇ ಇರ್ತಿರಲಿಲ್ಲ.

ದೊಡ್ಡ ಮರ ತಪ್ಪಿಸ್ಕೊಳ್ಳತ್ತಾ ಅನ್ನೋದಕ್ಕೆ ಇನ್ನೊಂದೇ ಉದಾಹರಣೆ. ಬ್ರೆಜಿಲ್‌ನ ಎಸ್ಪಿರಿಟೊ ಸಾಂಟೊ ರಾಜ್ಯದ ಲಿನ್ಯಾರೆಸ್ ಹತ್ರ ಅಟ್ಲಾಂಟಿಕ್ ಮಳೆಕಾಡಿನ ಒಂದು ಖಾಸಗಿ ರಿಸರ್ವ್ ಇದೆ, ಅಲ್ಲಿ ಡಿನಿಜಿಯಾ ಜುಯೆರಾನಾ-ಫಕಾವ್ ಅನ್ನೋ ಮರ 2017ರಲ್ಲಿ ವಿವರಣೆ ಪಡೀತು. ನಲವತ್ತು ಮೀಟರ್ ಎತ್ತರ, ತೂಕ 62 ಟನ್ ಇರಬಹುದು ಅಂತ ಅಂದಾಜು, ಕಾಯಿ ಅರ್ಧ ಮೀಟರ್ ಉದ್ದದ ಮರದಂಥ ಗಟ್ಟಿ ಕತ್ತಿ. ಆ ಕುಲದಲ್ಲಿ 1922ರಲ್ಲಿ ಡೂಕೆ ಅನ್ನೋ ಸಸ್ಯವಿಜ್ಞಾನಿ ಹೆಸರಿಟ್ಟ ಅಮೆಜಾನಿನ ದೈತ್ಯ ಮರ ಒಂದೇ ಇದೆ ಅಂತ ಎಲ್ಲರೂ ಅಂದ್ಕೊಂಡಿದ್ರು. ಊರವರು ಮಾತ್ರ ಇದನ್ನ ಮೊದಲಿಂದ ಜುಯೆರಾನಾ-ಫಕಾವ್ ಅಂತಾನೇ ಕರೀತಿದ್ರು, ಫಕಾವ್ ಅಂದ್ರೆ ಅವರ ಭಾಷೇಲಿ ಮಚ್ಚುಕತ್ತಿ. ವಿಜ್ಞಾನಿಗಳು ಅದೇ ಹೆಸರನ್ನ ಹಾಗೇ ತಗೊಂಡ್ರು. ವಿವರಣೆ ಬರೆದಾಗ ಗೊತ್ತಿದ್ದದ್ದು ಸುಮಾರು 25 ಮರ.

ಈಗ ಕೆಲಸ ಹೇಗೆ ನಡೆಯತ್ತೆ ಅನ್ನೋದು. ನಾನು ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಪೇಪರ್‌ನಲ್ಲಿ ಬರೋದು ಕೊನೇ ದಿನದ ಸುದ್ದಿ ಮಾತ್ರ.

ಮೊದಲು ರೆಂಬೆ. ಹೂವಿರೋದು, ಕಾಯಿರೋದು, ಎಲೆ ಜೋಡಣೆ ಕಾಣೋ ಹಾಗೆ ಒಂದೂವರೆ ಗೇಣಿನ ತುಂಡು. ಉದ್ದ ದೋಟಿಗೆ ಕತ್ತಿ ಕಟ್ಟಿ ಕೊಯ್ತೀವಿ, ಇಲ್ಲಾ ಕವಣೆಯಿಂದ ಹುರಿ ದಾಟಿಸಿ ರೆಂಬೆ ಎಳೀತೀವಿ, ಇಲ್ಲಾ ಮರ ಹತ್ತೋರನ್ನ ಕರ್ಕೊಂಡು ಹೋಗ್ತೀವಿ, ನಿಮ್ಮ ಕಡೆ ಕೊನೆಗೌಡರು ಇದ್ದಾರಲ್ಲ, ನನಗೆ ಅತ್ಯುತ್ತಮ ಸ್ಯಾಂಪಲ್‌ಗಳು ಸಿಕ್ಕಿದ್ದು ಅಡಿಕೆ ಕೊನೆ ಕೊಯ್ಯೋರಿಂದಾನೇ. ಕೊಯ್ದ ತಕ್ಷಣ ಅಲ್ಲೇ ನೋಟ್‌ಬುಕ್ ತೆಗೀಬೇಕು, ಮನೆಗೆ ಹೋಗಿ ಬರೀತೀನಿ ಅಂದ್ರೆ ಆಗಲ್ಲ. ಹೂವಿನ ಬಣ್ಣ, ವಾಸನೆ, ರಸ ಮೊದಲು ಯಾವ ಬಣ್ಣ ಇತ್ತು, ಎಷ್ಟು ಹೊತ್ತಿಗೆ ಕಪ್ಪಾಯ್ತು, ತೊಗಟೆ ಹೇಗಿದೆ, ಬುಡದಲ್ಲಿ ಬೇರು ಹಲಗೆ ಥರ ಎದ್ದಿದೆಯಾ, ಮರ ಎಷ್ಟು ಎತ್ತರ, ಎದೆಮಟ್ಟದಲ್ಲಿ ಸುತ್ತಳತೆ ಎಷ್ಟು, ನೀರು ನಿಲ್ಲೋ ಜಾಗವಾ, ಅಕ್ಕಪಕ್ಕ ಯಾವ ಮರ ಇವೆ, ಊರವರು ಏನಂತ ಕರೀತಾರೆ. ಒಣಗಿದ ಮೇಲೆ ಇದ್ಯಾವುದೂ ಉಳಿಯಲ್ಲ, ಎಲ್ಲಾ ಕಂದು ಬಣ್ಣ ಆಗಿಬಿಡತ್ತೆ.

ಆಮೇಲೆ ನ್ಯೂಸ್‌ಪೇಪರ್ ಮಡಿಕೆಯಲ್ಲಿ ಇಟ್ಟು ಮರದ ಪ್ರೆಸ್ಸಿಗೆ ಬೆಲ್ಟ್ ಬಿಗಿದು ಒಣಗಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಇದು ಎಷ್ಟು ಕಷ್ಟ ಅಂತ ನಿಮಗೆ ಹೇಳೋದೇ ಬೇಡ, ಅಡಿಕೆ ಒಣಗಿಸೋದು ಹೇಗೋ ಹಾಗೇ. ರಾತ್ರಿ ಒಲೆ ಪಕ್ಕ ಕೂತು ಪೇಪರ್ ಬದಲಾಯಿಸ್ತಾನೇ ಇರ್ಬೇಕು, ಒಂದು ರಾತ್ರಿ ಬಿಟ್ರೆ ಬೆಳಿಗ್ಗೆ ಬೂಸಲು. ಗೇರು ಬಳಗದ್ದಾದ್ರೆ ಇನ್ನೊಂದು ಪಜೀತಿ, ರಸ ಪೇಪರಿನ ನಾಲ್ಕು ಮಡಿಕೆ ದಾಟಿ ಕಪ್ಪು ಚುಕ್ಕೆ ಮೂಡಿಸತ್ತೆ. ಮೊದಲ ಸಲ ಇಂಥ ರೆಂಬೆ ಪ್ರೆಸ್ ಮಾಡಿದಾಗ ನಾನು ಬರಿಗೈಯಲ್ಲಿ ಪೇಪರ್ ಬದಲಾಯಿಸಿದ್ದೆ, ಮೂರನೇ ದಿನಕ್ಕೆ ಬೆರಳ ಸಂದಿಯೆಲ್ಲಾ ಗುಳ್ಳೆ, ಹದಿನೈದು ದಿನ ಅನ್ನ ಕಲಸೋಕೆ ಆಗಿರಲಿಲ್ಲ. ಆ ಚುಕ್ಕೆ ಬಿದ್ದ ಹಾಳೆ ಈಗಲೂ ಇಟ್ಕೊಂಡಿದ್ದೀನಿ, ಕಪ್ಪು ಸ್ವಲ್ಪಾನೂ ಮಾಸಿಲ್ಲ.

ಒಣಗಿದ ರೆಂಬೆ ದಪ್ಪ ಹಾಳೆ ಮೇಲೆ ಕೂತು, ಚೀಟಿ ಅಂಟಿ, ನಂಬರ್ ಬಿದ್ದ ಮೇಲೆ ನಿಜವಾದ ಕೆಲಸ ಶುರು, ಅದು ಹೋಲಿಕೆ. ಆ ಕುಲದ ಎಲ್ಲಾ ನೆಂಟರ ಜೊತೆ ಇಟ್ಟು ನೋಡ್ಬೇಕು. ಪಶ್ಚಿಮಘಟ್ಟದಲ್ಲಿ ಸೆಮೆಕಾರ್ಪಸ್ ಅಂದ್ರೆ ಕರಿಗೇರಲ್ಲದೇ ದಕ್ಷಿಣದ ಕಡೆ ಬೆಡ್ಡೋಮ್ ಅನ್ನೋ ಬ್ರಿಟಿಷ್ ಕಾಲದ ಅರಣ್ಯಾಧಿಕಾರಿ ಹೆಸರಿಟ್ಟ ಆರಿಕ್ಯುಲೇಟ, ಟ್ರಾವಂಕೋರಿಕ ಅಂತ ಇವೆ. ಇಲ್ಲಿಯವು ನೋಡಿದ್ರೆ ಸಾಲಲ್ಲ, ಶ್ರೀಲಂಕಾದಲ್ಲಿ ಈ ಕುಲದ್ದು ತುಂಬಾ ಇವೆ, ಅವನ್ನೂ ನೋಡ್ಬೇಕು, ಎಲ್ಲೋ ದೂರದಲ್ಲಿ ಇದೇ ಮರಕ್ಕೆ ಯಾರೋ ನೂರು ವರ್ಷದ ಹಿಂದೆ ಹೆಸರಿಟ್ಟಿದ್ರೆ ಆ ಹೆಸರೇ ಗೆಲ್ಲತ್ತೆ, ನಮ್ಮದು ಬಿದ್ದುಹೋಗತ್ತೆ. ಅದಕ್ಕೆ ಬೆಂಗಳೂರಿನ ಐಐಎಸ್‌ಸಿ ಒಳಗಿರೋ ಹರ್ಬೇರಿಯಂ, ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್, ಹೌರಾದ ರಾಷ್ಟ್ರೀಯ ಹರ್ಬೇರಿಯಂ, ಲಂಡನ್ನಿನ ಕ್ಯೂ ಸಸ್ಯೋದ್ಯಾನ, ಇಲ್ಲೆಲ್ಲಾ ಹಾಳೆಗಳನ್ನ ನೋಡೋದು. ಈಗ ತುಂಬಾ ಹಾಳೆಗಳ ಸ್ಕ್ಯಾನ್ ಇಂಟರ್ನೆಟ್‌ನಲ್ಲೇ ಸಿಗತ್ತೆ, ಪುಣ್ಯ. ಆದ್ರೆ ಹೂವಿನ ಒಳಗೆ ಸ್ಕ್ಯಾನ್‌ನಲ್ಲಿ ಕಾಣಲ್ಲ. ಒಣಗಿದ ಒಂದು ಮೊಗ್ಗನ್ನ ಬಿಸಿನೀರಲ್ಲಿ ಮೆತ್ತಗೆ ಮಾಡ್ಕೊಂಡು, ಮೈಕ್ರೋಸ್ಕೋಪ್ ಕೆಳಗೆ ಸೂಜಿಯಿಂದ ಬಿಡಿಸಿ, ದಳ ಎಷ್ಟು, ಕೇಸರ ಎಷ್ಟು, ಅಂಡಾಶಯ ಮೇಲಿದೆಯೋ ಕೆಳಗಿದೆಯೋ ನೋಡೋದು, ಹೊಳಗೇರಿಗೂ ಸೆಮೆಕಾರ್ಪಸ್‌ಗೂ ಹೂವಲ್ಲಿ ಮುಖ್ಯ ವ್ಯತ್ಯಾಸ ಅದೇ, ಹೊಳಗೇರಲ್ಲಿ ಅಂಡಾಶಯ ಕೆಳಗೆ ಬಟ್ಟಲಲ್ಲಿ ಹುದುಗಿರತ್ತೆ. ಮೂರು ಮಿಲಿಮೀಟರಿನ ಒಂದು ಮೊಗ್ಗಿಗೆ ಒಂದು ಮಧ್ಯಾಹ್ನ ಹೋಗತ್ತೆ. ಉಸಿರು ಜೋರಾಗಿ ಬಿಟ್ರೆ ಮೊಗ್ಗೇ ಹಾರಿಹೋಗತ್ತೆ.

ವ್ಯತ್ಯಾಸ ಸಿಕ್ತು ಅಂತ ಹಿಗ್ಗೋ ಹಾಗಿಲ್ಲ. ಒಂದು ಮರದಲ್ಲಿ ಕಂಡದ್ದು ಇನ್ನೊಂದರಲ್ಲೂ ಇದೆಯಾ, ಹತ್ತು ಮರ ನೋಡಿದ್ರೂ ಹಾಗೇ ಇದೆಯಾ, ಎರಡು ಪ್ರಭೇದದ ಮಧ್ಯೆ ಬೀಳೋ ಅಳತೆಗಳು ಸಿಗ್ತವಾ? ಮಧ್ಯದ ಅಳತೆಗಳು ಸರಾಗವಾಗಿ ಸಿಗ್ತಾ ಹೋದ್ರೆ ಅದು ಹೊಸ ಪ್ರಭೇದ ಅಲ್ಲ, ಹಳೇ ಪ್ರಭೇದದ ವೈವಿಧ್ಯ. ಒಂದಲ್ಲ, ಎರಡು ಮೂರು ಗುಣ ಒಟ್ಟಿಗೆ, ಪ್ರತಿ ಸಲವೂ ಬೇರೆ ಇರ್ಬೇಕು. ನನ್ನ ಅಭಿಪ್ರಾಯ ಕೇಳಿದ್ರೆ ಎಲೆಯ ಅಳತೆ ಮಾತ್ರ ನಂಬಿ ಹೊಸ ಪ್ರಭೇದ ಮಾಡಬಾರದು, ಮಾಡಿದವು ತುಂಬಾ ಇವೆ, ಆಮೇಲೆ ಬಂದವರು ಅವನ್ನ ಹಳೇ ಹೆಸರಿನ ಕೆಳಗೆ ಸೇರಿಸೋದರಲ್ಲೇ ಆಯುಷ್ಯ ಕಳೀಬೇಕಾಗತ್ತೆ. ಡಿಎನ್ಎ ಕಡ್ಡಾಯ ಅಲ್ಲ, ಸಹಾಯ ಮಾಡತ್ತೆ, ಮಾನುವಿನ ಮರದಲ್ಲಿ ಮಾಡಿದ ಹಾಗೆ.

ಇಷ್ಟಾದ ಮೇಲೆ ಬರೆಯೋದು. ಮರದ ವಿವರಣೆಗೆ ಒಂದು ಕ್ರಮ ಇದೆ, ಬುಡದಿಂದ ಶುರು ಮಾಡಿ ಬೀಜಕ್ಕೆ ಮುಗಿಯತ್ತೆ: ಎತ್ತರ, ತೊಗಟೆ, ಎಳೇ ರೆಂಬೆಯ ರೋಮ, ತೊಟ್ಟು, ಎಲೆಯ ಉದ್ದ ಅಗಲ ತುದಿ ಬುಡ, ಪಕ್ಕದ ನರ ಎಷ್ಟು ಜೋಡಿ, ಹೂಗೊಂಚಲು, ಗಂಡು ಹೂವು, ಹೆಣ್ಣು ಹೂವು, ಕಾಯಿ, ಬೀಜ. ಮೇಲಿಂದ ಮೇಲೆ ಓದಿದ್ರೆ ಬರೀ ಅಂಕಿಗಳು ಅನ್ಸತ್ತೆ, ಆದ್ರೆ ಆ ಮರವನ್ನ ಯಾವತ್ತೂ ನೋಡದವರು ಕಾಡಲ್ಲಿ ಅದರ ಎದುರು ನಿಂತಾಗ ಇದೇ ಅಂತ ಗುರುತು ಹಿಡಿಯೋ ಹಾಗೆ ಇರ್ಬೇಕು. ಇದರ ಜೊತೆ ಒಂದು ಚಿಕ್ಕ ಪ್ಯಾರಾ, ಅತಿ ಹತ್ತಿರದ ನೆಂಟನಿಗಿಂತ ಇದು ಯಾವುದರಲ್ಲಿ ಬೇರೆ ಅನ್ನೋದು. ಇಡೀ ಲೇಖನದ ಜೀವ ಇರೋದು ಅಲ್ಲೇ. 1935ರಿಂದ 2011ರ ಕೊನೆವರೆಗೂ ಇದನ್ನ ಲ್ಯಾಟಿನ್‌ನಲ್ಲೇ ಬರೀಬೇಕಿತ್ತು, 2012ರಿಂದ ಇಂಗ್ಲಿಷ್‌ನಲ್ಲೂ ಬರೀಬಹುದು.

ಮತ್ತೆ ಹೋಲೋಟೈಪ್. ಇದೇ ಆ ಹೆಸರಿನ ಒಡೆಯ ಅಂತ ಒಂದೇ ಒಂದು ಒಣಗಿಸಿದ ಸ್ಯಾಂಪಲ್ಲನ್ನ ಆರಿಸಿ, ಅದನ್ನ ಯಾವ ಹರ್ಬೇರಿಯಂನಲ್ಲಿ ಇಟ್ಟಿದ್ದೀವಿ ಅಂತ ಬರೀಬೇಕು. ಸ್ಯಾಂಪಲ್ ಯಾವುದು ಅಂತ ಹೇಳೋದು 1958ರಿಂದ ಕಡ್ಡಾಯ, ಎಲ್ಲಿ ಇಟ್ಟಿದ್ದೀವಿ ಅನ್ನೋದು 1990ರಿಂದ, ಇಲ್ಲದಿದ್ರೆ ಹೆಸರು ಸಿಂಧುವೇ ಅಲ್ಲ. ಅದೇ ಮರದಿಂದ ಅದೇ ದಿನ ಕೊಯ್ದ ಉಳಿದ ತುಂಡುಗಳನ್ನ ಬೇರೆ ಬೇರೆ ಹರ್ಬೇರಿಯಂಗೆ ಹಂಚ್ತಾರೆ, ಒಂದು ಕಡೆ ಬೆಂಕಿ ಬಿದ್ರೂ ಇನ್ನೊಂದು ಕಡೆ ಉಳೀಲಿ ಅಂತ. ನಮ್ಮ ದೇಶದಲ್ಲಿ 2002ರ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಯಾರೇ ಹೊಸದು ಕಂಡುಹಿಡಿದ್ರೂ ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ತಿಳಿಸಿ ಸ್ಯಾಂಪಲ್ ಕೊಡ್ಬೇಕು.

ತೀರ್ಮಾನ ಮಾಡೋದು ಯಾರು ಅಂದ್ರಲ್ಲ, ಯಾವ ಇಲಾಖೆಯೂ ಅಲ್ಲ, ಯಾವ ಸಮಿತಿಯೂ ಅಲ್ಲ. ಬರೆದವರು ತಮ್ಮ ವಾದ ಮುಂದಿಡ್ತಾರೆ, ಪತ್ರಿಕೆಯವರು ಇನ್ನಿಬ್ಬರು ತಜ್ಞರಿಗೆ ತೋರಿಸಿ ಪ್ರಕಟಿಸ್ತಾರೆ, ಆಮೇಲೆ ಒಪ್ಪೋದು ಬಿಡೋದು ಉಳಿದವರಿಗೆ ಬಿಟ್ಟದ್ದು. ಹೆಸರು ಇಡೋದು ಬರೆದವರು. ತಮ್ಮ ಹೆಸರು ತಾವೇ ಇಟ್ಕೊಳ್ಳೋದು ಸಂಪ್ರದಾಯ ಅಲ್ಲ. ಊರಿನ ಹೆಸರು, ಊರವರು ಕರೆಯೋ ಹೆಸರು ಇಡೋದು ನನಗೆ ಇಷ್ಟ, ಕ್ಯಾಮರೂನ್‌ನ ಎಬೊ ಕಾಡಿನ ಒಂದು ಪುಟ್ಟ ಮರಕ್ಕೆ 2022ರಲ್ಲಿ ನಟ ಡಿಕ್ಯಾಪ್ರಿಯೊ ಹೆಸರು ಇಟ್ರು, ಆ ಕಾಡು ಕಡಿಯೋದನ್ನ ನಿಲ್ಲಿಸೋಕೆ ಅವರು ದನಿಗೂಡಿಸಿದ್ದಕ್ಕೆ, ಅದಕ್ಕೂ ಅದರದ್ದೇ ಕಾರಣ ಇದೆ ಬಿಡಿ. ಆದ್ರೆ ಕತ್ತಲೆಕಾನು ಅನ್ನೋ ಶಬ್ದ ಜಗತ್ತಿನ ಯಾವ ಮೂಲೆಯ ಸಸ್ಯವಿಜ್ಞಾನಿ ಬಾಯಲ್ಲೂ ಬರತ್ತಲ್ಲ, ಹೇಳೋಕೆ ಒದ್ದಾಡ್ತಾರೆ, ಆದ್ರೂ ಹೇಳ್ಲೇಬೇಕು.

ಹೆಸರು ಬಂದ ಮೇಲೆ ಏನಾಗತ್ತೆ ಅನ್ನೋದು ನೀವು ಕೇಳಿಲ್ಲ, ಆದ್ರೂ ಹೇಳ್ಬೇಕು. ಹೆಸರಿಲ್ಲದ ಮರಕ್ಕೆ ಲೆಕ್ಕ ಇಲ್ಲ, ಲೆಕ್ಕ ಇಲ್ಲದ್ದಕ್ಕೆ ರಕ್ಷಣೆ ಇಲ್ಲ. ಕತ್ತಲೆಕಾನಿನ ಗೇರಿಗೆ ಹೆಸರು ಬಂದ ಮರುವರ್ಷವೇ ಶಿರಸಿ ಅರಣ್ಯ ಕಾಲೇಜಿನವರೂ ಬೆಂಗಳೂರಿನ ವಿಜ್ಞಾನಿಗಳೂ ಸೇರಿ ಎಷ್ಟು ಮರ ಇವೆ, ಗಂಡೆಷ್ಟು ಹೆಣ್ಣೆಷ್ಟು, ಸಸಿ ಹುಟ್ತಿದೆಯಾ ಅಂತೆಲ್ಲಾ ಅಧ್ಯಯನ ಪ್ರಕಟಿಸಿದ್ರು, ತೀರಾ ಅಳಿವಿನಂಚಿನ ಮರ ಅಂತ ಆಗ ಗೊತ್ತಾಯ್ತು. ಆಮೇಲೆ ಪರಿಸರ ವಿಜ್ಞಾನಿ ಸುಭಾಷ್ ಚಂದ್ರನ್ ಮತ್ತು ಜೊತೆಗಾರರು ನಿಮ್ಮ ಶರಾವತಿ ಅಘನಾಶಿನಿ ಕಾಡುಗಳಲ್ಲೇ ದಕ್ಷಿಣದಲ್ಲಷ್ಟೇ ಇವೆ ಅಂದ್ಕೊಂಡಿದ್ದ ಮಧುಕಾ ಬೌರ್ಡಿಲ್ಲೋನಿ, ಸೈಜೀಜಿಯಂ ಟ್ರಾವಂಕೋರಿಕಂ ಅನ್ನೋ ಅಪರೂಪದ ಮರಗಳನ್ನೂ ತೋರಿಸಿದ್ರು, 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆ ಆಯ್ತು. ಜೌಗು ಮಾತ್ರ ಇನ್ನೂ ಚೂರು ಚೂರಾಗೇ ಇದೆ. ಒಳ್ಳೇ ನೀರಿರೋ ಕಣಿವೆ ಬುಡ ಅಡಿಕೆಗೂ ಬೇಕು, ಈ ಮರಕ್ಕೂ ಬೇಕು, ಹಿಂದೆ ಎಷ್ಟೋ ಜೌಗು ತೋಟ ಗದ್ದೆ ಆಗಿಹೋಗಿದೆ. ಗಂಡು ಹೆಣ್ಣು ಬೇರೆ ಇರೋ ಮರ ಅಂದ್ರೆ ಒಂದು ಹಳ್ಳದಲ್ಲಿ ಉಳಿದ ನಾಲ್ಕರಲ್ಲಿ ನಾಲ್ಕೂ ಗಂಡಾಗಿದ್ರೆ ಆ ಹಳ್ಳದಲ್ಲಿ ಅದರ ವಂಶ ಅಲ್ಲಿಗೇ ನಿಂತ ಹಾಗೆ.

ಆದ್ದರಿಂದ ನಿಮ್ಮ ಮರ ಹೊಳಗೇರು ಅಂತ ಆದ್ರೆ ಸರಿ, ಅಪ್ಪ ಗೆದ್ರು. ಕತ್ತಲೆಕಾನಿನ ಗೇರು ಅಂತ ಆದ್ರೆ ಅದು "ಹೊಸ ಪ್ರಭೇದ" ಅಲ್ಲ, ಆದ್ರೆ ನನ್ನ ಮಟ್ಟಿಗೆ ಅದು ಹೊಸ ಪ್ರಭೇದಕ್ಕಿಂತ ದೊಡ್ಡ ಸುದ್ದಿ, ಬೆರಳೆಣಿಕೆಯ ತಾಣಗಳಿರೋ ಮರಕ್ಕೆ ಇನ್ನೊಂದು ತಾಣ ಸಿಕ್ಕ ಹಾಗೆ. ಎರಡೂ ಅಲ್ಲ ಅಂದ್ರೆ ಮೇಲೆ ಹೇಳಿದ ಕೆಲಸವೆಲ್ಲಾ ಶುರು ಮಾಡೋಣ. 2022ರಲ್ಲಿ ಬಂದ ಒಂದು ಅಂದಾಜಿನ ಪ್ರಕಾರ ಜಗತ್ತಲ್ಲಿ ಸುಮಾರು 73,000 ಜಾತಿ ಮರ ಇರಬಹುದು, ಅದರಲ್ಲಿ 9,000ಕ್ಕೆ ಇನ್ನೂ ಹೆಸರಿಲ್ಲ, ಅದರಲ್ಲೊಂದು ನಿಮ್ಮ ಹಳ್ಳದಲ್ಲಿ ಇರಬಾರದು ಅಂತೇನಿಲ್ಲ.

ನೀವು ಈಗ ಮಾಡಬೇಕಾದ್ದು ಇಷ್ಟು. ನಾಲ್ಕೈದು ಮರಕ್ಕೂ ಒಂದೊಂದು ನಂಬರ್ ಕೊಡಿ, ಮೊಳೆ ಹೊಡೀಬೇಡಿ, ಸಡಿಲವಾಗಿ ದಾರ ಕಟ್ಟಿದ್ರೆ ಸಾಕು. ಹದಿನೈದು ದಿನಕ್ಕೊಮ್ಮೆ ಬುಡದಲ್ಲಿ ಏನು ಬಿದ್ದಿದೆ ನೋಡಿ, ಹೂವೋ ಕಾಯೋ ಬಿದ್ದಿದ್ರೆ ಕೋಲಲ್ಲಿ ಎತ್ತಿ ಪೇಪರ್‌ನಲ್ಲಿ ಸುತ್ತಿ, ಯಾವ ನಂಬರ್ ಮರದ್ದು, ಯಾವ ತಾರೀಕು ಅಂತ ಬರೆದಿಡಿ. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಟ್ರೆ ಕೊಳೆಯತ್ತೆ. ಪಕ್ಕದಲ್ಲಿ ಸ್ಕೇಲು ಇಟ್ಟು ಫೋಟೋ ತೆಗೀರಿ, ಕಾಯಿ ಸಿಕ್ರೆ ಬುಡದ ಬಟ್ಟಲು ಕಾಣೋ ಹಾಗೆ. ಹಳ್ಳ ಇರೋದು ನಿಮ್ಮ ಜಾಗದಲ್ಲೋ, ಬೆಟ್ಟದಲ್ಲೋ, ರಿಸರ್ವ್ ಕಾಡಲ್ಲೋ ಅನ್ನೋದನ್ನ ಸ್ಪಷ್ಟವಾಗಿ ತಿಳಿಸಿ, ಕಾಡಿನದ್ದಾದ್ರೆ ರೆಂಬೆ ಕೊಯ್ಯೋಕೆ ಅರಣ್ಯ ಇಲಾಖೆ ಅನುಮತಿ ಬೇಕು, ಅದನ್ನ ನಾವು ಬರೆದು ತಗೋತೀವಿ, ನೀವು ಕೊಯ್ಯಬೇಡಿ. ಜಾಗ ಎಲ್ಲೂ ಹಾಕ್ಬೇಡಿ ಅಂದದ್ದು ಯಾಕಂದ್ರೆ, ಹೊಸ ಮರ ಅನ್ನೋ ಸುದ್ದಿ ಹಬ್ಬಿದ್ರೆ ನೋಡೋಕೆ ಬರೋರು ಜಾಸ್ತಿ, ಜೌಗಿನ ನೆಲ ಕಾಲ್ತುಳಿತ ತಡೆಯಲ್ಲ, ಎಳೇ ಸಸಿಗಳು ಮೊದಲು ಹೋಗ್ತವೆ. ಕತ್ತಲೆಕಾನಿನ ಗೇರಿನ ಬೀಜ ಒಣಗಿಸಿಟ್ಟು ಮುಂದಿನ ವರ್ಷ ಬಿತ್ತೋಣ ಅಂದ್ರೆ ಹುಟ್ಟಲ್ಲ, ಬಿದ್ದ ಹಸೀಲೇ ಹುಟ್ಬೇಕು, ಹಾಗಾಗಿ ಆ ಮರದ ಕೆಳಗಿನ ಒಂದು ಗೇಣಿನ ಸಸಿಯೂ ಲೆಕ್ಕಕ್ಕೆ ಬರತ್ತೆ.

ಅಪ್ಪನ್ನ ಒಂದು ಮಾತು ಕೇಳಿ ಬರೀರಿ: ಆ ಮರಕ್ಕೆ ಕಾಯಿ ಬಿಟ್ಟದ್ದು ಅವರು ಯಾವಾಗಾದ್ರೂ ನೋಡಿದ್ದಾರಾ, ನೋಡಿದ್ರೆ ಯಾವ ತಿಂಗಳು, ಅವುಗಳಲ್ಲಿ ಯಾವ ಮರದಲ್ಲಿ. ಆ ತಿಂಗಳು ಗೊತ್ತಾದ್ರೆ ಅದಕ್ಕೆ ಮುಂಚೆ, ಹೂವಿನ ಹೊತ್ತಿಗೇ ಬರ್ತೀವಿ.